ರಕ್ತ ವಿಭಜನಾ ಯಂತ್ರದ ಚಾರಿತ್ರಿಕ ಬೆಳವಣಿಗೆ: ಒಂದು ವಿವೇಚನೆ

ರೋಗಿಯಿಂದಾಗಲಿ ದಾನಿಯಿಂದಾಗಲಿ ರಕ್ತವನ್ನು ಸಂಗ್ರಹಿಸಿ, ಅದರ ಘಟಕಗಳನ್ನು ಬೇರ್ಪಡಿಸಿ, ಬೇಕಾದುದನ್ನು ಇರಿಸಿಕೊಂಡು ಉಳಿದುದನ್ನು ಅದೇ ದೇಹಕ್ಕೆ ಹಿಂದಿರುಗಿಸುವ ವಿಧಾನವನ್ನು ವೈದ್ಯಶಾಸ್ತ್ರವು ಅಫೆರೆಸಿಸ್ ಎಂದು ಕರೆಯುತ್ತದೆ. 'ತೆಗೆದುಹಾಕುವುದು' ಎಂಬರ್ಥದ ಗ್ರೀಕ್ ಪದವೊಂದು ಇದರ ಮೂಲ. ಹೆಸರು ಸೂಚಿಸುವುದು ತೆಗೆಯುವುದನ್ನು ಮಾತ್ರ. ಆದರೆ ಈ ಯಂತ್ರಗಳ ಬೆಳವಣಿಗೆಯನ್ನು ಅನುಕ್ರಮವಾಗಿ ಪರಿಶೀಲಿಸಿದಾಗ, ಬೇರ್ಪಡಿಸುವುದಕ್ಕಿಂತ ಹಿಂದಿರುಗಿಸುವುದೇ ಕಠಿಣವಾದ ಸಮಸ್ಯೆಯಾಗಿತ್ತೆಂಬುದು ವ್ಯಕ್ತವಾಗುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಈ ಅಂಶವನ್ನು ವಿವೇಚಿಸಲಾಗಿದೆ.

ಬೇರ್ಪಡಿಸುವ ತತ್ತ್ವವು ಆಸ್ಪತ್ರೆಗಿಂತ ಮೊದಲು ಹಾಲಿನ ಉದ್ಯಮದಲ್ಲಿ ಬಳಕೆಗೆ ಬಂದಿತು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1878ರಲ್ಲಿ ರೂಪಿಸಿದ ಯಂತ್ರವು ಹಾಲನ್ನು ವೇಗವಾಗಿ ತಿರುಗಿಸಿ ಕೆನೆಯನ್ನು ನಿರಂತರವಾಗಿ ಪ್ರತ್ಯೇಕಿಸುತ್ತಿತ್ತು. ನಮ್ಮ ಮನೆಗಳ ಕಡೆಗೋಲಿನ ಕ್ರಿಯೆ ಇದಕ್ಕಿಂತ ಭಿನ್ನವಾದುದು ಎಂಬುದನ್ನು ಇಲ್ಲಿ ಗಮನಿಸಬೇಕು. ಕಡೆಯುವಾಗ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ತಿರುಗುವ ಬಟ್ಟಲಿನಲ್ಲಾದರೋ ಸಾಂದ್ರತೆಯ ವ್ಯತ್ಯಾಸವೇ ಕೆಲಸ ಮಾಡುತ್ತದೆ. ರಕ್ತದಲ್ಲಿ ಕೆಂಪುಕಣಗಳ ಸಾಪೇಕ್ಷ ಸಾಂದ್ರತೆ ಸುಮಾರು 1.09, ಪ್ಲಾಸ್ಮಾದ್ದು ಸುಮಾರು 1.025. ತಿರುಗಿಸಿದಾಗ ಕೆಂಪುಕಣಗಳು ಹೊರ ಅಂಚಿಗೆ ಸರಿಯುತ್ತವೆ, ಪ್ಲಾಸ್ಮಾ ಒಳಬದಿಯಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಬಿಳಿಕಣಗಳೂ ಪ್ಲೇಟ್‌ಲೆಟ್‌ಗಳೂ ಸೇರಿದ ತೆಳುವಾದ, ಮಾಸಲು ಬಣ್ಣದ ಪದರವೊಂದು ನಿಲ್ಲುತ್ತದೆ. ಮುಂದಿನ ಚರಿತ್ರೆಯ ಬಹುಭಾಗ ಈ ತೆಳುಪದರಕ್ಕೆ ಸಂಬಂಧಿಸಿದುದು.

ಹಿಂದಿರುಗಿಸುವ ಆರಂಭಿಕ ಪ್ರಯೋಗಗಳಲ್ಲೊಂದು 1914ರದು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಏಬಲ್, ರೌನ್‌ಟ್ರೀ ಮತ್ತು ಟರ್ನರ್ ಎಂಬ ವಿದ್ವಾಂಸರು ನಾಯಿಗಳ ರಕ್ತವನ್ನು ಹೊರತೆಗೆದು, ಪ್ಲಾಸ್ಮಾವನ್ನು ಬೇರ್ಪಡಿಸಿ, ಕಣಗಳನ್ನು ಮರಳಿ ಅವುಗಳ ದೇಹಕ್ಕೆ ಸೇರಿಸಿದರು. ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಕಣಗಳನ್ನು ಹಿಂದಿರುಗಿಸಿದ ಸಂಗತಿಯನ್ನು ಅವರು ಸೇರಿಸಿದ್ದಾರೆ. ಆ ಸಂಗತಿಯ ಮಹತ್ವ ಅವರಿಗೆ ತಿಳಿದಿತ್ತೆಂದೇ ಭಾವಿಸಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಲಾಸ್ಮಾದಿಂದ ಆಲ್ಬುಮಿನ್ ಮೊದಲಾದ ಪ್ರೋಟೀನುಗಳನ್ನು ಬೇರ್ಪಡಿಸಿದ ಹಾರ್ವರ್ಡಿನ ಎಡ್ವಿನ್ ಕೋನ್, ಯುದ್ಧಾನಂತರ ಕೆನೆ ತೆಗೆಯುವ ಯಂತ್ರದ ಮಾದರಿಯನ್ನೇ ಅನುಸರಿಸಿ ರಕ್ತ ವಿಭಜನಾ ಯಂತ್ರವೊಂದನ್ನು ರೂಪಿಸಿದರು. ಪ್ರತಿ ಬಳಕೆಯ ನಂತರವೂ ಅದರ ಭಾಗಗಳನ್ನು ಬಿಚ್ಚಿ, ತೊಳೆದು, ಕ್ರಿಮಿಶುದ್ಧಗೊಳಿಸಬೇಕಾಗಿತ್ತು. ಈ ತೊಡಕಿನಿಂದಾಗಿ ಅದು ವ್ಯಾಪಕವಾಗಲಿಲ್ಲ. 1953ರಲ್ಲಿ ಕೋನ್ ನಿಧನರಾದರು. ಅಷ್ಟರಲ್ಲಿ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಕಿರಿಯ ಇವರು ಗಾಜಿನ ಸೀಸೆಗೆ ಬದಲಾಗಿ ಪ್ಲಾಸ್ಟಿಕ್ ಚೀಲವನ್ನು ಬಳಕೆಗೆ ತಂದಿದ್ದರು. ಒಡೆಯದ, ಒಳಗೆ ಗಾಳಿ ಸೇರದ, ಹಾಗೆಯೇ ತಿರುಗಿಸಬಹುದಾದ ಈ ಚೀಲದಿಂದ ಮೇಲಿನ ಪ್ಲಾಸ್ಮಾವನ್ನು ಹಿಂಡಿ, ಕೊಳವೆಯಿಂದ ಜೋಡಿಸಿದ ಮತ್ತೊಂದು ಚೀಲಕ್ಕೆ ಸಾಗಿಸಬಹುದಾಗಿತ್ತು. ಯಂತ್ರಗಳ ಕಥೆಯಲ್ಲಿ ಚೀಲಕ್ಕೆ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲವೆಂದೇ ಹೇಳಬೇಕು.

1962ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಇಂಜಿನಿಯರ್ ಜಾರ್ಜ್ ಜಡ್ಸನ್ ಅವರ ಹದಿಹರೆಯದ ಮಗನಿಗೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಇರುವುದು ಪತ್ತೆಯಾಯಿತು. ಆ ಕಾಲದಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈರೈಖ್ ಎಂಬ ವೈದ್ಯರು ತೀವ್ರ ಲ್ಯುಕೇಮಿಯಾ ಪೀಡಿತ ಮಕ್ಕಳ ಚಿಕಿತ್ಸೆಯಲ್ಲಿ ತೊಡಗಿದ್ದರು. ಆ ಮಕ್ಕಳ ರಕ್ತಸ್ರಾವಕ್ಕೆ ಪ್ಲೇಟ್‌ಲೆಟ್‌ಗಳ ಕೊರತೆಯೇ ಕಾರಣವೆಂದು ತೋರಿಸಿ, ಪ್ಲೇಟ್‌ಲೆಟ್ ನೀಡಿಕೆಯಿಂದ ಅದನ್ನು ತಡೆಯುವ ಮಾರ್ಗವನ್ನು ಅವರು ಕಂಡುಕೊಂಡಿದ್ದರು. ಉಳಿದುದು ಸೋಂಕಿನ ಸಮಸ್ಯೆ. ಅದಕ್ಕೆ ಬಿಳಿಕಣಗಳು ಬೇಕು. ಒಂದು ಸೀಸೆ ರಕ್ತದಲ್ಲಿ ದೊರೆಯುವ ಬಿಳಿಕಣಗಳು ಏನೇನೂ ಸಾಲವು. ಒಬ್ಬನೇ ದಾನಿಯ ದೇಹದಿಂದ ಹಲವು ಲೀಟರ್ ರಕ್ತವನ್ನು ಯಂತ್ರದ ಮೂಲಕ ಹಾಯಿಸಿದರೆ ಮಾತ್ರ ಅದು ಸಾಧ್ಯ. ಕೆಂಪುಕಣ, ಪ್ಲಾಸ್ಮಾಗಳು ಆಯಾ ಕ್ಷಣವೇ ಅವನಿಗೆ ಮರಳದಿದ್ದರೆ ದಾನಿಯೇ ಉಳಿಯಲಾರ. ಜಡ್ಸನ್ ತಮ್ಮ ಸಂಸ್ಥೆಯ ಒಪ್ಪಿಗೆಯೊಡನೆ ಫ್ರೈರೈಖ್ ಅವರೊಂದಿಗೆ ಸೇರಿ, ತಿರುಗುತ್ತಿರುವ ಬಟ್ಟಲಿನಿಂದಲೇ ಮೂರು ಪದರಗಳನ್ನೂ ಪ್ರತ್ಯೇಕ ನಾಳಗಳ ಮೂಲಕ ನಿರಂತರವಾಗಿ ಸೆಳೆಯುವ ಯಂತ್ರವನ್ನು ರಚಿಸಿದರು. 1965ರಲ್ಲಿ ಇದರ ವಿವರ ಪ್ರಕಟವಾಯಿತು.

ಈ ಸಂದರ್ಭದಲ್ಲಿ ಬಿಳಿಕಣಗಳ ದಾನಿಗಳಾಗಿದ್ದವರಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ರೋಗಿಗಳೂ ಇದ್ದರು. ಅವರ ರಕ್ತದಲ್ಲಿ ಬಿಳಿಕಣಗಳು ಅತಿಯಾಗಿರುವುದೇ ಅವರ ವ್ಯಾಧಿ. ಒಬ್ಬ ರೋಗಿಯ ದೇಹಕ್ಕೆ ಭಾರವಾದುದು ಮತ್ತೊಬ್ಬ ರೋಗಿಗೆ ಔಷಧವಾಗಿ ಒದಗಿತು. ಜಡ್ಸನ್ ಅವರ ಮಗನನ್ನು ಬಾಧಿಸಿದ್ದೂ ಇದೇ ವ್ಯಾಧಿ.

ತಿರುಗುವ ಬಟ್ಟಲಿಗೂ ಸ್ಥಿರವಾದ ಕೊಳವೆಗೂ ನಡುವಿನ ಸಂಧಿಯು ಸೋರಿಕೆಗೂ ಸೋಂಕಿಗೂ ಅವಕಾಶ ಕೊಡುವ ಸ್ಥಾನವಾಗಿ ಉಳಿದಿತ್ತು. 1975ರಲ್ಲಿ ಯೋಇಚಿರೊ ಇತೊ ಮತ್ತು ಸಂಗಡಿಗರು ಸಂಧಿಯೇ ಇಲ್ಲದ ವಿನ್ಯಾಸವೊಂದನ್ನು ಪ್ರಕಟಿಸಿದರು. ಕೊಳವೆಯನ್ನು ಹೊತ್ತ ಚೌಕಟ್ಟು ಒಂದು ಸುತ್ತು ಬರುವಷ್ಟರಲ್ಲಿ ಬಟ್ಟಲು ಎರಡು ಸುತ್ತು ತಿರುಗಿದರೆ ಕೊಳವೆ ಹುರಿಗೊಳ್ಳುವುದಿಲ್ಲ ಎಂಬುದು ಇದರ ತಿರುಳು. ಒಮ್ಮೆ ಬಳಸಿ ಎಸೆಯುವ ಬಟ್ಟಲು, ಕೊಳವೆಗಳೂ ಇದೇ ದಶಕದಲ್ಲಿ ರೂಢಿಗೆ ಬಂದವು.

ಇಷ್ಟೆಲ್ಲ ಸಾಧಿತವಾದ ಮೇಲೆಯೂ, 1990ರ ದಶಕದಲ್ಲಿ ಚೀನಾದ ಹೆನಾನ್ ಪ್ರಾಂತದಲ್ಲಿ ನಡೆದ ದುರಂತ ಹಿಂದಿರುಗಿಸುವ ಕ್ರಿಯೆಯಲ್ಲಿಯೇ ಸಂಭವಿಸಿತು. ಅಲ್ಲಿ ಬಡ ರೈತರಿಂದ ಹಣಕ್ಕೆ ಪ್ಲಾಸ್ಮಾ ಸಂಗ್ರಹಿಸುವ ಕೇಂದ್ರಗಳು ಹುಟ್ಟಿಕೊಂಡಿದ್ದವು. ಕೆಂಪುಕಣ ಮರಳಿ ದೊರೆತರೆ ರಕ್ತಹೀನತೆ ಬಾಧಿಸದು. ರೈತ ಬೇಗ ಮತ್ತೆ ಬರಬಲ್ಲ. ಆದರೆ ಒಂದೇ ಗುಂಪಿನ ಹಲವರ ರಕ್ತವನ್ನು ಬೆರೆಸಿ ತಿರುಗಿಸಿ, ಬೆರೆತ ಕಣಗಳನ್ನೇ ಎಲ್ಲರಿಗೂ ಹಂಚಿ ಏರಿಸಲಾಯಿತು. ಒಬ್ಬನಲ್ಲಿದ್ದ ಎಚ್‌ಐವಿ, ಹೆಪಟೈಟಿಸ್ ಸಿ ವೈರಾಣುಗಳು ಹೀಗೆ ಹಲವರನ್ನು ಸೇರಿದವು, ಹಳ್ಳಿಹಳ್ಳಿಗಳೇ ಪೀಡಿತವಾದವು. ಇದನ್ನು ಬಯಲಿಗೆಳೆದವರಲ್ಲಿ ಪ್ರಮುಖರು ನಿವೃತ್ತ ಸ್ತ್ರೀರೋಗತಜ್ಞೆ ಗಾವೋ ಯಾಓಜಿಯೆ. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2023ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನಿಧನರಾದರು. ಸಾಧಾರಣ ಯಂತ್ರ ಅಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಯಾರ ರಕ್ತ ಯಾರದೆಂಬ ಎಣಿಕೆ ತಪ್ಪಿತ್ತು. 1914ರ ಪ್ರಯೋಗದ ನಾಯಿಗಳಿಗೆ ದೊರೆತಿದ್ದ ಎಚ್ಚರ ಹೆನಾನಿನ ರೈತರಿಗೆ ದೊರೆಯಲಿಲ್ಲ.

ಭಾರತದಲ್ಲಿಯೂ ಅದೇ ವರ್ಷಗಳಲ್ಲಿ ರಕ್ತದ ಮಾರಾಟ ನಡೆದಿತ್ತು. 1996ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಫಲವಾಗಿ ರಾಷ್ಟ್ರೀಯ ರಕ್ತಪೂರಣ ಮಂಡಳಿ ಸ್ಥಾಪಿತವಾಯಿತು. ಹಣಕ್ಕಾಗಿ ರಕ್ತ ನೀಡುವ ಪದ್ಧತಿ 1998ರ ಜನವರಿ 1ರಿಂದ ನಿಷಿದ್ಧವಾಯಿತು.