ಲಾಯದ ಆಳಿನ ಚರಿತ್ರೆ

ಕುದುರೆಯ ಮೇಲೆ ಕುಳಿತವರ ಹೆಸರುಗಳಿಂದ ನಮ್ಮ ಇತಿಹಾಸ ಗ್ರಂಥಗಳು ತುಂಬಿವೆ. ಅದೇ ಕುದುರೆಗೆ ನಸುಕಿನಲ್ಲಿ ಮೈ ತಿಕ್ಕಿ, ನೀರು ಕುಡಿಸಿ, ಹುಲ್ಲು ಹಾಕಿ, ಸವಾರನು ಏರುವವರೆಗೆ ಲಗಾಮು ಹಿಡಿದು ನಿಂತ ಆಳಿನ ಹೆಸರನ್ನು ಯಾವ ಬಖರಕಾರನೂ ಬರೆದಿಡಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ತಾಲೂಕುಗಳ ಈ ಗಡಿಸೀಮೆಯು ಶತಮಾನಗಳ ಕಾಲ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕ ನೆಲ. ಕಲ್ಯಾಣ, ಬೀದರ, ದೇವಗಿರಿ, ಹೈದರಾಬಾದು, ಪುಣೆ ಇವುಗಳ ದಂಡುಗಳೆಲ್ಲ ಇಲ್ಲಿಯ ಎರೆಹೊಲಗಳನ್ನು ತುಳಿದು ಹೋದುವು. ಅಂಥ ನೆಲದಲ್ಲಿ ಲಾಯದ ಆಳಿಗೂ ಒಂದು ಚರಿತ್ರೆ ಇರಲೇಬೇಕಷ್ಟೆ. ಶಾಸನಗಳಲ್ಲಿ ಅವನ ಹೆಸರು ಸಿಕ್ಕದೆ ಹೋದರೂ ನಮ್ಮ ಮಾತುಗಳಲ್ಲಿ ಅವನ ಹೆಜ್ಜೆ ಉಳಿದಿದೆ. ಸಾಹಣಿ, ಕಾಸದಾರ, ಸಾಯಿಸ ಎಂಬ ಮೂರು ಶಬ್ದಗಳ ಜಾಡು ಹಿಡಿದು ಆ ಹೆಜ್ಜೆಯನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಸಾಹಣಿ. ಚಾಲುಕ್ಯ, ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಅರಸನ ಕುದುರೆಲಾಯದ ಅಧಿಕಾರಿಗೆ ಈ ಹೆಸರು. ಸಂಸ್ಕೃತದ ‘ಸಾಧನಿಕ’ ಎಂಬುದರ ತದ್ಭವವಿದು. ಉಮರ್ಗಾ, ನಿಲಂಗಾಗಳಿಂದ ಒಂದು ದಿನದ ಹಾದಿಯಲ್ಲಿರುವ ಕಲ್ಯಾಣದಲ್ಲಿ 1126ರಿಂದ 1138ರ ವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಗ್ರಂಥದಲ್ಲಿ ಕುದುರೆಗಳ ಜಾತಿ, ಲಕ್ಷಣ, ಪಳಗಿಸುವ ಬಗೆ ಇವೆಲ್ಲ ಬಂದಿವೆ. ಕುದುರೆಯೇರಿ ಚೆಂಡಾಡುವ ‘ವಾಜಿವಾಹ್ಯಾಳಿ ವಿನೋದ’ಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಅರಸನು ಇದನ್ನೆಲ್ಲ ಬರೆಯಬೇಕಾದರೆ ಲಾಯದಲ್ಲಿ ಕುದುರೆಯ ಉಸಿರನ್ನೂ ಲದ್ದಿಯನ್ನೂ ದಿನದಿನವೂ ನೋಡಿ ತಿಳಿದವರು ಇದ್ದಿರಬೇಕು. ಶಾಸ್ತ್ರಕ್ಕೆ ಅರಸನ ಹೆಸರು ಬಂತು, ಅನುಭವವು ಆಳಿನದು.

ಎರಡನೆಯ ಕಾಲಘಟ್ಟ ಬಹಮನಿಗಳದು. ಒಳ್ಳೆಯ ಕುದುರೆ ದಖ್ಖನದಲ್ಲಿ ಸಾಕಷ್ಟು ಹುಟ್ಟುತ್ತಿರಲಿಲ್ಲ; ಅರಬಸ್ತಾನ, ಇರಾಣಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಬೀದರಿನ ಮಹಾಮಂತ್ರಿಯಾದ ಮಹಮೂದ ಗವಾನನೂ ಮೊದಲು ವ್ಯಾಪಾರಿಯಾಗಿಯೇ ಈ ದೇಶಕ್ಕೆ ಬಂದವನು. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನನೆಂಬ ರಷ್ಯದ ವ್ಯಾಪಾರಿ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಪಶ್ಚಿಮ ಕರಾವಳಿಯಲ್ಲಿಳಿದು, ಜುನ್ನರದ ಮಾರ್ಗವಾಗಿ ಬೀದರಕ್ಕೆ ಬಂದನು. ಜುನ್ನರದಲ್ಲಿ ಅಲ್ಲಿಯ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡದ್ದೂ, ಖೊರಾಸಾನಿ ಹಿತೈಷಿಯೊಬ್ಬನ ನೆರವಿನಿಂದ ಅದು ಮರಳಿ ಕೈಗೆ ಬಂದದ್ದೂ ಅವನ ಪ್ರವಾಸಕಥನದಲ್ಲಿವೆ. ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಖಿಚಡಿ ಬೇಯಿಸಿ ಸಕ್ಕರೆ ಎಣ್ಣೆ ಬೆರಸಿ ಕೊಡುತ್ತಾರೆ ಎಂದು ಅವನು ಬೆರಗಿನಿಂದ ಬರೆದಿದ್ದಾನೆ. ಅವನಿಗೆ ಇದು ಸೋಜಿಗವಾದರೂ ಇದರ ಕಾರಣ ಸರಳವಾದದ್ದು. ಹಸಿರು ಹುಲ್ಲುಗಾವಲು ಎರಡು ಮೂರು ತಿಂಗಳಿಗೆ ಒಣಗಿಹೋಗುವ ಈ ನಾಡಿನಲ್ಲಿ ಕುದುರೆಯ ಬಲವೆಲ್ಲ ಕಾಳಿನಿಂದಲೇ ಬರಬೇಕು. ಕಾಳನ್ನು ಹದವರಿತು ಬೇಯಿಸಿ ತಿನ್ನಿಸುವವನಿಲ್ಲದೆ ಅರಬೀ ಕುದುರೆ ಇಲ್ಲಿ ಬಾಳಲಾರದು.

ಅದೇ ನಿಕಿತಿನನು ಆಳಂದದ ಶೇಖ ಅಲಾವುದ್ದೀನರ ಉರುಸಿನ ಜಾತ್ರೆಯನ್ನು ವರ್ಣಿಸಿ, ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಹೇಳಿದ್ದಾನೆ. ಆಳಂದವು ಉಮರ್ಗಾಕ್ಕೆ ನೇರ ದಕ್ಷಿಣದಲ್ಲಿದೆ. ಪ್ರವಾಸಿಯ ಲೆಕ್ಕದಲ್ಲಿ ಅತಿಶಯೋಕ್ತಿ ಇದ್ದೀತು. ಅರ್ಧಕ್ಕೆ ಇಳಿಸಿದರೂ ಆ ಹತ್ತು ಸಾವಿರ ಕುದುರೆಗಳನ್ನು ಹಿಡಿಯಲು, ಮೇಯಿಸಲು ಎಷ್ಟು ಸಾವಿರ ಕೈಗಳು ಬೇಕಾಗಿದ್ದುವೆಂಬುದನ್ನು ವಾಚಕರೇ ಊಹಿಸಬಹುದು.

ಆ ಕೈಗಳ ಕೆಲಸ ಎಂಥದೆಂಬುದನ್ನು ಸ್ವಲ್ಪ ನೋಡೋಣ. ಕೋಳಿ ಕೂಗುವ ಮೊದಲೇ ಲದ್ದಿ ಬಳಿದು ಲಾಯವನ್ನು ಒಣಗಿಸಬೇಕು. ಒದ್ದೆಯಲ್ಲಿ ನಿಂತ ಕುದುರೆಯ ಗೊರಸು ಕೊಳೆಯುತ್ತದೆ. ಬಳಿಕ ಖರಾರಾ ಹಿಡಿದು ಮೈಯ ಧೂಳನ್ನೆಲ್ಲ ತೆಗೆದು, ಅಂಗೈಯಿಂದ ತಿಕ್ಕಬೇಕು. ನಾಲ್ಕೂ ಕಾಲುಗಳನ್ನು ಎತ್ತಿ ಗೊರಸಿನ ಒಳಗೆ ಕಚ್ಚಿಕೊಂಡ ಎರೆಮಣ್ಣನ್ನು ಕಬ್ಬಿಣದ ಕೊಕ್ಕೆಯಿಂದ ಕೆರೆದು ತೆಗೆಯಬೇಕು. ನಮ್ಮ ಸೀಮೆಯ ಕರಿಮಣ್ಣು ಮಳೆಗಾಲದಲ್ಲಿ ಅಂಟಾಗಿ ಲಾಳವನ್ನೇ ಕಿತ್ತುಕೊಳ್ಳುತ್ತದೆ. ಬೇಸಗೆಯಲ್ಲಿ ಕಾಲು ಮುರಿಯುವಷ್ಟು ಬಿರುಕು ಬಿಡುತ್ತದೆ. ಮೊದಲು ನೀರು, ಆಮೇಲೆ ಕಾಳು. ಇದು ಲಾಯದ ನಿಯಮ. ಓಡಿ ಬಂದು ಬೆವತ ಕುದುರೆಯನ್ನು ತಟ್ಟನೆ ಕಟ್ಟಿಹಾಕದೆ, ಬೆವರು ಆರುವ ತನಕ ಮೆಲ್ಲಗೆ ನಡೆಸಾಡಿಸಬೇಕು. ಕುದುರೆಗೆ ವಾಂತಿಯಾಗುವುದಿಲ್ಲ, ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಎದ್ದು ರಾತ್ರಿ ಬೆಳಗಾಗುವುದರೊಳಗೆ ಪ್ರಾಣ ಹೋಗಬಹುದು. ಆದುದರಿಂದ ಆಳು ಲಾಯದಲ್ಲಿಯೇ, ಕುದುರೆಯ ತಲೆಯ ಹತ್ತಿರವೇ ಮಲಗುತ್ತಿದ್ದನು. ಕುದುರೆ ಕಂಡರೆ ಕಾಲುನೋವು ಎಂದು ನಮ್ಮಲ್ಲೊಂದು ಗಾದೆಯಿದೆ. ಈ ಆಳಿಗೆ ಆ ಸೌಭಾಗ್ಯವಿರಲಿಲ್ಲ. ಜೀವಮಾನವೆಲ್ಲ ಕುದುರೆಯೊಡನಿದ್ದೂ ಅವನು ಅದರ ಪಕ್ಕದಲ್ಲಿ ಕಾಲ್ನಡಿಗೆಯಿಂದಲೇ ಓಡಿದನು.

ಎರಡನೆಯ ಶಬ್ದ ಕಾಸದಾರ. ಮರಾಠರ ದಂಡಿನಲ್ಲಿ ಸ್ವಂತ ಕುದುರೆಯುಳ್ಳವನು ಶಿಲೇದಾರ. ಸರಕಾರದ ಕುದುರೆಯನ್ನು ಏರುವವನು ಬಾರಗೀರ. ಸರಕಾರದ ಲಾಯವೇ ಪಾಗಾ. ಶಿವಾಜಿ ಮಹಾರಾಜರ ವ್ಯವಸ್ಥೆಯಲ್ಲಿ 25 ಕುದುರೆಗಳಿಗೆ ನೀರು ಹೊರುವ ಒಬ್ಬ ಪಖಾಲಿ, ಲಾಳ ಕಟ್ಟುವ ಒಬ್ಬ ನಾಲಬಂದ ಇರುತ್ತಿದ್ದರೆಂದು ಸಭಾಸದನ ಬಖರಿನಿಂದ ತಿಳಿಯುತ್ತದೆ. ಕುದುರೆಯ ಆಳನ್ನು ಹಳೆಯ ಮರಾಠಿಯಲ್ಲಿ ‘ಖಾಸದಾರ’ ಎನ್ನುತ್ತಿದ್ದರು. ಅದೇ ಕನ್ನಡದ ಬಾಯಲ್ಲಿ ‘ಕಾಸದಾರ’, ‘ಕಾಸ್ತಾರ’ ಎಂದಾಯಿತು. ಇಂದು ಉಮರ್ಗಾದ ಸಂತೆಯಲ್ಲಿ ನಿಂತು ‘ಖಾಸದಾರ ಬಂದರು’ ಎಂದರೆ ಜನ ದೆಹಲಿಯ ಲೋಕಸಭೆಯ ಸದಸ್ಯರನ್ನು ನೋಡಲು ತಿರುಗುತ್ತಾರೆ. ಈಗಿನ ಮರಾಠಿಯಲ್ಲಿ ಆ ಶಬ್ದಕ್ಕೆ ಅದೇ ಅರ್ಥ. ಒಂದೇ ಶಬ್ದವು ಗಡಿಯ ಈಚೆಗೆ ಲಾಯದಲ್ಲಿಯೇ ಉಳಿಯಿತು, ಆಚೆಗೆ ಸಂಸತ್ತನ್ನು ಏರಿತು.

ಲಾಯದ ಆಳಿನ ಬೆಲೆಯನ್ನು ಅಳೆಯಲು ಉದಗೀರದ ಯುದ್ಧಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ. 1760ರ ಆರಂಭದಲ್ಲಿ ಸದಾಶಿವರಾವ ಭಾವೂ ಅವರ ಮರಾಠಾ ಸೈನ್ಯವು ಔಸಾ, ಉದಗೀರಗಳ ನಡುವಣ ಬಯಲಿನಲ್ಲಿ ನಿಜಾಮ ಸಲಾಬತ ಜಂಗನ ದಂಡನ್ನು ಕುದುರೆಗಳಿಂದ ಸುತ್ತುಗಟ್ಟಿತು. ಇಬ್ರಾಹೀಂ ಖಾನ ಗಾರ್ದಿಯ ತೋಪುಗಳೂ ಜತೆಗಿದ್ದುವು. ಫೆಬ್ರುವರಿಯಲ್ಲಿ ಒಪ್ಪಂದವಾಗಿ 60 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರಾಂತವೂ ಅಹಮದನಗರ, ದೌಲತಾಬಾದ, ಬರ್ಹಾಣಪುರ, ವಿಜಾಪುರಗಳೂ ಪೇಶವೆಯರ ಕೈಸೇರಿದುವು. ಊರ ಸುತ್ತ ಜೋಳದ ಕಣಿಕೆಯ ಬಣವೆಗಳು ನಿಂತಿರುವ ಕಾಲವದು. ಮನೆಯ ಅಂಗಳದಂಥ ನೆಲ. ಕುದುರೆಗೆ ಮೇವು ಸಿಕ್ಕಿತು, ಸವಾರನಿಗೆ ಜಯ ಸಿಕ್ಕಿತು.

ಅದೇ ವಿಜಯೀ ಸೈನ್ಯವು ಉತ್ತರಕ್ಕೆ ಹೊರಟು ಅದೇ ವರ್ಷದ ಕೊನೆಯಲ್ಲಿ ಪಾಣಿಪತದಲ್ಲಿ ಬೀಡುಬಿಟ್ಟಿತು. ಅಹಮದಶಹಾ ಅಬ್ದಾಲಿಯ ದಂಡು ದಾರಿಗಳನ್ನು ಕಟ್ಟಿತು. ಎರಡು ತಿಂಗಳಿಗೂ ಮಿಕ್ಕಿ ಕಾಳಿಲ್ಲ, ಹುಲ್ಲಿಲ್ಲ. ರಾತ್ರಿಯ ಮರೆಯಲ್ಲಿ ಹುಲ್ಲು ಕಟ್ಟಿಗೆ ತರಲು ಹೊರಬಿದ್ದ ದಂಡಿನ ಆಳುಗಳು ಅಫಗಾಣರ ಕೈಗೆ ಸಿಕ್ಕಿ ಹತರಾದರು. ಅವರ ಕೈಯಲ್ಲಿದ್ದದ್ದು ಕುಡುಗೋಲು ಮತ್ತು ಹಗ್ಗ. 1761ರ ಜನೇವರಿ 14ರಂದು ರಣರಂಗಕ್ಕೆ ಇಳಿದ ಕುದುರೆಗಳು ಉಪವಾಸದಿಂದ ಬಡವಾಗಿದ್ದುವು. ಪಾಣಿಪತದ ಪರಾಭವಕ್ಕೆ ಇತಿಹಾಸಕಾರರು ಅನೇಕ ಕಾರಣಗಳನ್ನು ಕೊಡುತ್ತಾರೆ, ಅವೆಲ್ಲವೂ ನಿಜವಿರಬಹುದು. ಆದರೆ ಉದಗೀರಕ್ಕೂ ಪಾಣಿಪತಕ್ಕೂ ನಡುವೆ ಕಳೆದದ್ದು ಒಂದು ವರ್ಷಕ್ಕೂ ಕಡಿಮೆ ಕಾಲ. ಸೇನಾನಿ ಅವನೇ, ತೋಪಿನವನು ಅವನೇ. ಉದಗೀರದಲ್ಲಿ ಹುಲ್ಲಿನ ಹೊರೆ ಲಾಯಕ್ಕೆ ಬಂದು ಮುಟ್ಟಿತು, ಪಾಣಿಪತದಲ್ಲಿ ಮುಟ್ಟಲಿಲ್ಲ. ಆ ಹೊರೆಯನ್ನು ತರಹೋಗಿ ಮಡಿದವರಿಗೆ ಯಾವ ವೀರಗಲ್ಲೂ ಇಲ್ಲ.

ಮೂರನೆಯ ಶಬ್ದವಾದ ಸಾಯಿಸ ನಿಜಾಮರ, ಇಂಗ್ಲಿಷರ ಕಾಲದಲ್ಲಿ ಹೆಚ್ಚು ಬಳಕೆಗೆ ಬಂತು. ಇದು ಅರಬಿಯ ಮಾತು. ಕುದುರೆಯನ್ನು ಸಾಕಿ ಸಂಭಾಳಿಸುವುದೆಂಬ ಇದರ ಧಾತುವಿನಿಂದಲೇ ರಾಜಕಾರಣವೆಂಬ ಅರ್ಥದ ‘ಸಿಯಾಸತ್’ ಶಬ್ದವೂ ಹುಟ್ಟಿದೆ. ಹೈದರಾಬಾದ ಸಂಸ್ಥಾನದ ಅತ್ಯುನ್ನತ ಸರದಾರ ಮನೆತನದ ಹೆಸರು ‘ಪಾಯಗಾ’. ಲಾಯ ಎಂಬುದೇ ಆ ಶಬ್ದದ ಮೂಲಾರ್ಥ. ದಂಡನ್ನು ಸಾಕಲೆಂದು ಅವರಿಗೆ ಕೊಟ್ಟ ಉಂಬಳಿಗಳಲ್ಲಿ ನಮ್ಮ ನೆರೆಯ ಚಿಟಗುಪ್ಪೆಯೂ ಒಂದು. ಹೀಗೆ ರಾಜ್ಯವೆಂಬುದು ಲಾಯದಲ್ಲಿ ಹುಟ್ಟಿತೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಉದಗೀರಕ್ಕೆ ಪಶ್ಚಿಮೋತ್ತರದಲ್ಲಿರುವ ಮೋಮಿನಾಬಾದ, ಅಂದರೆ ಇಂದಿನ ಅಂಬಾಜೋಗಾಯಿಯಲ್ಲಿ, ಹೈದರಾಬಾದ ಕಂಟಿಂಜೆಂಟಿನ ಕುದುರೆ ಪಡೆಯ ಛಾವಣಿಯಿತ್ತು. ಆ ಪಡೆಯು 1903ರಲ್ಲಿ ಹಿಂದುಸ್ಥಾನದ ಸೈನ್ಯದಲ್ಲಿ ವಿಲೀನವಾಯಿತು. ಅಲ್ಲಿಯ ಶಿಲೇದಾರಿ ಪದ್ಧತಿಯಲ್ಲಿ ಸವಾರನು ಕುದುರೆಯನ್ನು ತಾನೇ ಇಟ್ಟುಕೊಳ್ಳಬೇಕಾಗಿತ್ತು. ಸಾಮಾನ್ಯವಾಗಿ ಇಬ್ಬರು ಸವಾರರಿಗೆ ಒಬ್ಬ ಸಾಯಿಸ, ಒಂದು ತಟ್ಟು. ಸಾಯಿಸನು ದಿನವೂ ತಟ್ಟುವನ್ನು ಹೊಡೆದುಕೊಂಡು ಹೋಗಿ ಹುಲ್ಲು ಕೊಯ್ದು ತರುತ್ತಿದ್ದನು. ಎರಡು ಕುದುರೆ, ಒಂದು ತಟ್ಟು, ಇಬ್ಬರು ಧಣಿಗಳು. ಇವರೆಲ್ಲರ ಸುಖವೂ ಒಬ್ಬನ ಬೆನ್ನಮೇಲೆ.

ಈ ಜೀವನವು ಬಹು ಬೇಗ ಮುಗಿದುಹೋಯಿತು. ಮೊದಲನೆಯ ಮಹಾಯುದ್ಧದ ತರುವಾಯ ಶಿಲೇದಾರಿ ಪದ್ಧತಿ ನಿಂತಿತು. 1932ರ ಜೂನಿನಲ್ಲಿ ನಿಜಾಮ ಸರಕಾರದ ರೈಲ್ವೆ ಇಲಾಖೆಯು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಕ್ರಮೇಣ ಅಧಿಕಾರಿಗಳ ಕುದುರೆಯೂ ಪೇಟೆಯ ಟಾಂಗಾವೂ ಹಿಂದೆ ಬಿದ್ದುವು. 1948ರ ಸಪ್ಟೆಂಬರಿನಲ್ಲಿ ಸೊಲ್ಲಾಪುರದಿಂದ ಹೊರಟ ಭಾರತ ಸೈನ್ಯವು ನಳದುರ್ಗ, ಉಮರ್ಗಾ, ರಾಜೇಶ್ವರಗಳ ಮಾರ್ಗವಾಗಿ ಮುನ್ನಡೆದಾಗ ಅಶ್ವದಳದ ಹಳೆಯ ಹೆಸರನ್ನು ಹೊತ್ತ ಪಡೆಗಳೂ ಅದರಲ್ಲಿದ್ದುವು. ಅವುಗಳ ವಾಹನ ಮಾತ್ರ ಉಕ್ಕಿನ ಟ್ಯಾಂಕು. 1956ರ ನವಂಬರ 1ರಂದು ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದುವು, ಬೀದರವು ಮೈಸೂರಿಗೆ ಬಂತು. 1982ರಲ್ಲಿ ಆ ತಾಲೂಕುಗಳು ಹೊಸ ಲಾತೂರ ಜಿಲ್ಲೆಯಲ್ಲಿ ಸೇರಿದುವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಎಲ್ಲೆಗಳು ಹೀಗೆ ಸರಿದರೂ ಲಾಯದ ಮಾತುಗಳು ಎಲ್ಲೆಯನ್ನು ಅರಿಯವು. ಲಗಾಮು, ಜೀನು, ರಿಕಾಪು, ಲದ್ದಿ ಎಂಬ ಮಾತುಗಳನ್ನು ಕನ್ನಡಿಗನೂ ಮರಾಠಿಗನೂ ದಖನಿಯವನೂ ಅಷ್ಟಿಷ್ಟು ಉಚ್ಚಾರಭೇದದಿಂದ ಆಡುತ್ತಾರೆ. ಒಂದೇ ಕುದುರೆಯ ಎರಡು ಪಕ್ಕದಲ್ಲಿ ನಿಂತು ತಿಕ್ಕಿದವರು ಭಾಷೆಯ ಜಗಳವಾಡಿರಲಾರರು.

ಇಂದು ಏನು ಉಳಿದಿದೆ? ಉದಗೀರದ ಉತ್ತರಕ್ಕೆ ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ, ಎಂದರೆ ನಮ್ಮ ಮೈಲಾರನ, ಜಾತ್ರೆಗೆ ಈಗಲೂ ಕುದುರೆಗಳು ಮಾರಾಟಕ್ಕೆ ಬರುತ್ತವೆ. ಆ ದೇವನೂ ಕುದುರೆಯೇರಿದವನೇ. ಉದಗೀರದಲ್ಲಿ ಪಶುವೈದ್ಯ ಮಹಾವಿದ್ಯಾಲಯವಿದೆ. ನಾಲಬಂದ ಎಂಬ ಅಡ್ಡಹೆಸರಿನ ಮನೆಗಳು ನಮ್ಮ ಊರುಗಳಲ್ಲಿವೆ. ಮದುವೆಯ ಮೆರವಣಿಗೆಯಲ್ಲಿ ಮದುಮಗನು ಬಾಸಿಂಗ ಕಟ್ಟಿಕೊಂಡು ಬಾಡಿಗೆಯ ಕುದುರೆಯ ಮೇಲೆ ಬರುತ್ತಾನೆ. ವಾದ್ಯ, ಮದ್ದುಗಳ ಸಪ್ಪಳಕ್ಕೆ ಅದು ಬೆದರದಂತೆ ಒಬ್ಬನು ಲಗಾಮು ಹಿಡಿದು, ಅದರ ಕಿವಿಯ ಹತ್ತಿರ ಮೆಲ್ಲಗೆ ಏನೋ ಹೇಳುತ್ತ ನಡೆಯುತ್ತಾನೆ. ಛಾಯಾಚಿತ್ರದಲ್ಲಿ ಅವನು ಅರ್ಧಕ್ಕೆ ಕತ್ತರಿಸಿಹೋಗುತ್ತಾನೆ.

ಕಲ್ಯಾಣದ ಸಾಹಣಿಯಿಂದ ಹಿಡಿದು ಬಂದ ಪರಂಪರೆಯ ಕಡೆಯ ಕೊಂಡಿ ಇವನು. ನಮ್ಮ ಸಂಘದ ತರುಣ ಮಿತ್ರರಲ್ಲಿ ಒಂದು ಬಿನ್ನಹ. ನಿಮ್ಮ ಊರಿನಲ್ಲಿ ಟಾಂಗಾ ಹೊಡೆದ, ಲಾಳ ಕಟ್ಟಿದ, ಗೌಡರ ಕುದುರೆಯನ್ನು ಕಾದ ಹಿರಿಯರು ಯಾರಾದರೂ ಇದ್ದರೆ ಅವರ ಬಳಿ ಒಂದು ಸಂಜೆ ಕುಳಿತು, ಅವರು ಬಳಸುವ ಮಾತುಗಳನ್ನು ಬರೆದುಕೊಳ್ಳಿರಿ. ಮೊದಲು ಅವರ ಹೆಸರನ್ನು ಬರೆದುಕೊಳ್ಳಿರಿ.