ವೈರ್‌ಲೆಸ್ ಗೇಮಿಂಗ್ ಮೌಸ್ ಅಡ್ಡಾದಿಡ್ಡಿ ಚಲಿಸಿದಾಗ

ತಂತಿರಹಿತ ಗೇಮಿಂಗ್ ಮೌಸ್ ಬಳಸುವಾಗ ಪರದೆಯ ಮೇಲಿನ ಬಾಣದ ಗುರುತು ನಡುಗುವುದು, ಜಿಗಿಯುವುದು, ಕ್ಷಣಕಾಲ ನಿಂತು ಮುಂದೆ ಸಾಗುವುದು ಸಾಮಾನ್ಯ ದೂರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರು ಇದರ ದುರಸ್ತಿಗೆಂದು ಮೈಸೂರಿಗೆ ಹೊರಟರೆ ಒಂದು ದಿನವೇ ಕಳೆಯುತ್ತದೆ. ಹುಣಸೂರಿನಿಂದಲೇ ಸುಮಾರು 45 ಕಿ.ಮೀ., ಪಿರಿಯಾಪಟ್ಟಣ ಅದಕ್ಕೂ ಆಚೆ. ಬಸ್ಸು ಹತ್ತುವ ಮೊದಲು ಮನೆಯಲ್ಲಿಯೇ ಪರೀಕ್ಷಿಸುವುದು ಲೇಸು. ಎಷ್ಟೋ ಬಾರಿ ದೋಷ ಮೌಸ್‌ನಲ್ಲಿ ಇರುವುದೇ ಇಲ್ಲ.

ದೋಷ ರೇಡಿಯೋ ಸಂಪರ್ಕದ್ದೋ, ಮೌಸ್‌ನ ತಳದಲ್ಲಿರುವ ಸೆನ್ಸರ್‌ನದ್ದೋ ಎಂಬುದು ಮೊದಲು ತಿಳಿಯಬೇಕು. ಇಂತಹ ಅನೇಕ ಮೌಸ್‌ಗಳು ಚಾರ್ಜಿಂಗ್ ಕೇಬಲ್ ಜೋಡಿಸಿದಾಗ ತಂತಿಯ ಮೌಸ್‌ನಂತೆ ಕೆಲಸ ಮಾಡುತ್ತವೆ. ಅದರೊಂದಿಗೆ ಬಂದ ಕೇಬಲ್ಲನ್ನೇ ಬಳಸಿ. ಚಾರ್ಜ್ ಮಾತ್ರ ಮಾಡುವ ಕೇಬಲ್‌ನಿಂದ ಈ ಪರೀಕ್ಷೆ ಸಾಧ್ಯವಿಲ್ಲ. ತಂತಿಯಲ್ಲಿ ಚಲನೆ ಸರಿಹೋದರೆ ಸಂಶಯ ರೇಡಿಯೋ ಸಂಪರ್ಕ ಅಥವಾ ಬ್ಯಾಟರಿಯ ಮೇಲೆ. ಆಗಲೂ ನಡುಗಿದರೆ ಸೆನ್ಸರ್, ಮೇಜಿನ ಮೇಲ್ಮೈ ಹಾಗೂ ತಂತ್ರಾಂಶದ ಕಡೆ ನೋಡಬೇಕು.

ಈ ಮೌಸ್‌ಗಳು ಬಳಸುವುದು 2.4 ಗಿಗಾಹರ್ಟ್ಜ್ ಕಂಪನಾಂಕ ಪಟ್ಟಿ. ಭಾರತದಲ್ಲಿ 2005ರಿಂದ ಇದಕ್ಕೆ ಪರವಾನಗಿ ಬೇಕಿಲ್ಲ. ವೈ-ಫೈ, ಬ್ಲೂಟೂತ್ ಎಲ್ಲವೂ ಇಲ್ಲಿಯೇ ಸೇರಿವೆ. ಆದರೆ ಹೆಚ್ಚಿನವರ ಗಮನಕ್ಕೆ ಬಾರದ ತೊಂದರೆ ಕಂಪ್ಯೂಟರ್‌ನಿಂದಲೇ ಬರುತ್ತದೆ. ಯುಎಸ್‌ಬಿ 3.0 ಸಾಧನಗಳು ಹೊರಸೂಸುವ ವಿದ್ಯುತ್ಕಾಂತೀಯ ಗದ್ದಲ ಇದೇ ಪಟ್ಟಿಯನ್ನು ಕಲಕುತ್ತದೆ ಎಂಬುದನ್ನು ಇಂಟೆಲ್ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ತಾಂತ್ರಿಕ ಪ್ರಬಂಧದಲ್ಲಿ ವಿವರಿಸಿತು. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ ಯುಎಸ್‌ಬಿ 3.0 ಪೋರ್ಟಿಗೆ ಹಾರ್ಡ್‌ಡಿಸ್ಕ್ ಜೋಡಿಸಿ, ಪಕ್ಕದಲ್ಲಿಯೇ ಮೌಸ್‌ನ ರಿಸೀವರ್ ಸಿಕ್ಕಿಸಿದ್ದರೆ ಬಾಣ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ. ಹಾರ್ಡ್‌ಡಿಸ್ಕ್ ಕಳಚಿ ನೋಡಿ. ಸರಿಹೋದರೆ ರಿಸೀವರನ್ನು ಯುಎಸ್‌ಬಿ 2.0 ಪೋರ್ಟಿಗೆ ಬದಲಾಯಿಸಿ. ಇನ್ನೂ ಉತ್ತಮವೆಂದರೆ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ಮೇಜಿನ ಮೇಲೆ, ಮೌಸ್‌ನಿಂದ ಸುಮಾರು 20 ಸೆಂ.ಮೀ. ಅಂತರದಲ್ಲಿ ಇರಿಸಿ. ಮೇಜಿನ ಕೆಳಗಿನ ಸಿಪಿಯು ಪೆಟ್ಟಿಗೆಯ ಹಿಂಬದಿಯಲ್ಲಿ ರಿಸೀವರ್ ಸಿಕ್ಕಿಸುವ ಅಭ್ಯಾಸ ಬಿಡುವುದು ಒಳ್ಳೆಯದು: ಲೋಹದ ಪೆಟ್ಟಿಗೆಯು ಸಂಕೇತಕ್ಕೆ ಅಡ್ಡಗೋಡೆಯಾಗುತ್ತದೆ.

ಸೆನ್ಸರ್ ಎಂಬುದು ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು ಹೋಲಿಸುವ ಪುಟ್ಟ ಕ್ಯಾಮೆರಾ. ಗಾಜು, ಪಾಲಿಶ್ ಮಾಡಿದ ಗ್ರಾನೈಟ್, ಹೊಳಪಿನ ಸನ್‌ಮೈಕಾ ಮೇಲೆ ಅದಕ್ಕೆ ಹೋಲಿಸಲು ಗುರುತುಗಳೇ ಸಿಗದಿರಬಹುದು. ಸಾದಾ ಬಟ್ಟೆಯ ಪ್ಯಾಡ್ ಸಾಕು. ಕೂದಲೆಳೆ, ದೂಳು ಸೆನ್ಸರ್‌ನ ಕುಳಿಯಲ್ಲಿ ಕೂತಿದ್ದರೆ ಮೌಸ್ ಆರಿಸಿ, ಒಣ ಹತ್ತಿಯಿಂದ ಮೃದುವಾಗಿ ತೆಗೆಯಬೇಕು. ಡಿಪಿಐ ಏರಿಸಿದರೆ ನಿಖರತೆ ಬರುತ್ತದೆಂಬ ನಂಬಿಕೆ ಆಟಗಾರರಲ್ಲಿದೆ; ನಡುಕವಿರುವ ಮೌಸ್‌ನಲ್ಲಿ ಅದು ನಡುಕವನ್ನೇ ಹಿಗ್ಗಿಸುತ್ತದೆ.

ಹಳೆಯ ಕಂಪ್ಯೂಟರ್‌ನಲ್ಲಿ ಆಟದ ನಡುವೆ ಮಾತ್ರ ತಡವರಿಸಿದರೆ, ಸೆಕೆಂಡಿಗೆ 1000 ಬಾರಿ ಎಂದಿರುವ ಪೋಲಿಂಗ್ ದರವನ್ನು 500ಕ್ಕೆ ಇಳಿಸಿ ನೋಡಬಹುದು.

ಕೊನೆಗೆ ಬೇರೊಂದು ಕಂಪ್ಯೂಟರ್‌ನಲ್ಲಿ, ಬೇರೊಂದು ಪ್ಯಾಡಿನ ಮೇಲೆ ಪರೀಕ್ಷಿಸಿ. ಅಲ್ಲಿಯೂ ಅದೇ ನಡುಕವಿದ್ದರೆ ವಾರಂಟಿಗೆ ಹೋಗುವುದೇ ದಾರಿ. ಬಿಲ್ಲಿನ ಜೊತೆಗೆ ರಿಸೀವರನ್ನೂ ಕೊಂಡೊಯ್ಯಿರಿ. ಅದಿಲ್ಲದೆ ಮಳಿಗೆಯಲ್ಲಿ ತಂತಿರಹಿತ ಸಂಪರ್ಕವನ್ನು ಪರೀಕ್ಷಿಸಲಾಗದು.