‘ವರ್ಷದ ಕೋಚ್’ ಯಾರು: ಎಪಿ ಪ್ರಶಸ್ತಿಯ ಅಳತೆಗೋಲಿನ ಬಗ್ಗೆ ಒಂದು ಟಿಪ್ಪಣಿ

ಅಮೆರಿಕದ ಕಾಲೇಜು ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ (ಎಪಿ) 1967ರಿಂದ ‘ವರ್ಷದ ಕೋಚ್’ ಪ್ರಶಸ್ತಿ ಕೊಡುತ್ತಿದೆ. ಮೊದಲು ಪಡೆದವರು ಯುಸಿಎಲ್ಎಯ ಜಾನ್ ವುಡನ್. ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಐದು ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟ, ಒಟ್ಟು 1,202 ಪಂದ್ಯ ಗೆದ್ದ ಮೈಕ್ ಶಿಶೆವ್‌ಸ್ಕಿ ಅವರಿಗೆ ಇದು ಒಮ್ಮೆಯೂ ಬರಲಿಲ್ಲ. ಪಕ್ಷಪಾತವೆಂದು ದೂರುವುದು ಸುಲಭ. ದೋಷ ಇರುವುದು ಅಳತೆಗೋಲಿನಲ್ಲಿ ಎಂಬುದು ನನ್ನ ವಾದ.

ಟೋನಿ ಬೆನೆಟ್ ಪ್ರಕರಣ ನೋಡಿ. 2017–18ರ ಋತು ಶುರುವಾಗುವಾಗ ಅವರ ವರ್ಜೀನಿಯಾ ತಂಡಕ್ಕೆ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಲೀಗ್‌ನಲ್ಲಿ ಆರನೇ ಸ್ಥಾನ ಎಂದು ಪತ್ರಕರ್ತರು ಅಂದಾಜಿಸಿದ್ದರು. ಎಪಿಯ ಮೊದಲ 25 ತಂಡಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮಾರ್ಚ್ ಹೊತ್ತಿಗೆ ಆ ತಂಡ 31 ಗೆದ್ದು ಎರಡೇ ಸೋತಿತ್ತು. ದೇಶಕ್ಕೇ ಅಗ್ರ ಶ್ರೇಯಾಂಕ. ಆಮೇಲೆ ಮಾರ್ಚ್ 16, ಷಾರ್ಲಟ್‌ನಲ್ಲಿ ಎನ್‌ಸಿಎಎ ಟೂರ್ನಿಯ ಪಂದ್ಯ. ಎದುರಾಳಿ 16ನೇ ಶ್ರೇಯಾಂಕದ ಯುಎಂಬಿಸಿ. ಅರ್ಧ ಆಟಕ್ಕೆ 21–21. ಇಡೀ ಪಂದ್ಯಕ್ಕೆ ಸರಾಸರಿ 54ರ ಆಸುಪಾಸು ಅಂಕವನ್ನಷ್ಟೇ ಬಿಟ್ಟುಕೊಡುತ್ತಿದ್ದ ತಂಡ ಉತ್ತರಾರ್ಧವೊಂದರಲ್ಲೇ 53 ಬಿಟ್ಟುಕೊಟ್ಟು 74–54ರಿಂದ ಸೋತಿತು. ಪುರುಷರ ಎನ್‌ಸಿಎಎ ಟೂರ್ನಿಯಲ್ಲಿ ಒಂದನೇ ಮತ್ತು 16ನೇ ಶ್ರೇಯಾಂಕದವರ ನಡುವಿನ ಹಿಂದಿನ 135 ಪಂದ್ಯಗಳನ್ನೂ ಒಂದನೇ ಶ್ರೇಯಾಂಕದವರೇ ಗೆದ್ದಿದ್ದರು.

ಆ ತಿಂಗಳ ಕೊನೆಗೆ ಎಪಿ ಪ್ರಶಸ್ತಿ ಬೆನೆಟ್‌ಗೇ ಘೋಷಣೆಯಾಯಿತು. ಮತದಾನ ಟೂರ್ನಿಗೆ ಮೊದಲೇ ಮುಗಿದಿರುತ್ತದೆ. ಈ ಕ್ರಮವನ್ನು ನಾನು ಒಪ್ಪುತ್ತೇನೆ. ಸೋತರೆ ಮನೆಗೆ ಎನ್ನುವ ಟೂರ್ನಿಯಲ್ಲಿ ಒಂದು ಕೆಟ್ಟ ರಾತ್ರಿ ನಾಲ್ಕು ತಿಂಗಳ ದುಡಿಮೆಯನ್ನು ಅಳಿಸಬಾರದು. ಅದರಲ್ಲೂ ಆ ರಾತ್ರಿ ವರ್ಜೀನಿಯಾದ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದರು. ಮರುವರ್ಷ ಅದೇ ಹಂಟರ್ ಫೈನಲ್‌ನಲ್ಲಿ 27 ಅಂಕ ಗಳಿಸಿದರು, ವರ್ಜೀನಿಯಾ ಹೆಚ್ಚುವರಿ ಅವಧಿಯಲ್ಲಿ ಟೆಕ್ಸಾಸ್ ಟೆಕ್ ತಂಡವನ್ನು 85–77ರಿಂದ ಮಣಿಸಿತು. ಆ ವರ್ಷದ ಎಪಿ ಕೋಚ್ ಸೋತ ತಂಡದ ಕ್ರಿಸ್ ಬಿಯರ್ಡ್.

ತೊಡಕು ಬೇರೆಡೆ ಇದೆ. ಋತುವಿಗೆ ಮೊದಲು ತಂಡಗಳ ಪಟ್ಟಿ ಮಾಡುವ ಎಪಿ ಪತ್ರಕರ್ತರ ಬಳಗವೇ ಕೊನೆಗೆ ಕೋಚ್‌ಗೂ ಮತ ಹಾಕುತ್ತದೆ. ತಮ್ಮ ಅಂದಾಜನ್ನು ಯಾರು ಹೆಚ್ಚು ಸುಳ್ಳು ಮಾಡಿದರೋ ಅವರತ್ತ ಒಲವು ಸಹಜ. ಬೆನೆಟ್, ಬಿಯರ್ಡ್ ಇಬ್ಬರ ತಂಡಗಳೂ ಅಂದಾಜನ್ನು ಮೀರಿದವೇ. ಅಂದಾಜೇ ಮೊದಲ ಸ್ಥಾನದ್ದಾದರೆ ಮೀರಲು ಜಾಗವೆಲ್ಲಿ? 1998–99ರಲ್ಲಿ ಮೊದಲ ಸ್ಥಾನದ ನಿರೀಕ್ಷೆ ಹೊತ್ತು ಕಣಕ್ಕಿಳಿದ ಡ್ಯೂಕ್, ಎಸಿಸಿಯ 16 ಲೀಗ್ ಪಂದ್ಯಗಳನ್ನೂ ಗೆದ್ದು, ಒಂದೇ ಸೋಲಿನೊಂದಿಗೆ ಟೂರ್ನಿಗೆ ಬಂತು. ವರ್ಷದ ಕೋಚ್‌ಗೆ ಕೊಡುವ ಮತ್ತೊಂದು ಪ್ರಶಸ್ತಿಯಾದ ನೈಸ್ಮಿತ್ ಶಿಶೆವ್‌ಸ್ಕಿ ಅವರಿಗೆ ಸಂದಿತು. ಎಪಿ ಆಬರ್ನ್‌ನ ಕ್ಲಿಫ್ ಎಲ್ಲಿಸ್ ಅವರನ್ನು ಆರಿಸಿತು.

ಪ್ರತಿಭಾವಂತರನ್ನು ಒಟ್ಟುಗೂಡಿಸುವುದು, ಅವರಿಂದ ಇಡೀ ಋತು ಒಗ್ಗಟ್ಟಿನ ಆಟ ಆಡಿಸುವುದು ಕೂಡ ಕೋಚ್‌ನ ಕೆಲಸವೇ. ಇದನ್ನು ಲೆಕ್ಕಕ್ಕೆ ಹಿಡಿದರೆ 2018ರ ತೀರ್ಪು ಸರಿ. ಆದರೆ 1999ರ ಪ್ರಶಸ್ತಿ ಶಿಶೆವ್‌ಸ್ಕಿ ಅವರಿಗೆ ಸಲ್ಲಬೇಕಿತ್ತು.